ಎಲ್ಲರೆದುರೇ ಬಚ್ಚಿಡುವುದು ಹೇಗೆ: ಬಳಕೆದಾರರ ಕೈಪಿಡಿ

(ಚಿಕ್ಕಲಸಂದ್ರ, ಇಟ್ಟಮಡು, ಉತ್ತರಹಳ್ಳಿ ಕಡೆಯ ಹೊಸ ಡಾಕ್ಟರುಗಳಿಗಾಗಿ. ಮಿಕ್ಕ ಬಡಾವಣೆಯವರೂ ಬಳಸಬಹುದು.)

ಅಭಿನಂದನೆಗಳು

ನಿಮಗೆ ಪಿಎಚ್.ಡಿ. ಬಂದಿದೆ. ಬೈಂಡಿಂಗ್ ಅಂಗಡಿಯವನು ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಒತ್ತಿ ಕೊಟ್ಟಿದ್ದಾನೆ. ವೈವಾ ಮುಗಿದು, ಗೈಡಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಂದಿವೆ. ವಿಷಯ: ಬೆಂಗಳೂರು ದಕ್ಷಿಣ ತಾಲ್ಲೂಕು ಉತ್ತರಹಳ್ಳಿ ಹೋಬಳಿಯ ಕೆರೆಗಳು. ದೊರೆಕೆರೆ, ಸುಬ್ರಮಣ್ಯಪುರದ ಕೆರೆ, ಗೌಡನಪಾಳ್ಯದ ಕೆರೆ ಎಂದು ಬಿಸಿಲಲ್ಲಿ ಅಲೆದು, ಹಳೆಯ ಗ್ರಾಮನಕ್ಷೆಗಾಗಿ ಕಚೇರಿಯ ಬೆಂಚಿನ ಮೇಲೆ ಕಾದು ಬರೆದದ್ದು. ಇನ್ನು ಒಂದೇ ಕೆಲಸ ಬಾಕಿ: ಅದನ್ನು ಯಾರೂ ಓದದ ಹಾಗೆ ನೋಡಿಕೊಳ್ಳುವುದು.

ಹಿಂದಿನವರಿಗೆ ಇದು ಸಲೀಸಾಗಿತ್ತು. ಲೈಬ್ರರಿಗೆ ಒಂದು ಪ್ರತಿ, ವಿಭಾಗಕ್ಕೆ ಒಂದು ಪ್ರತಿ. ವಿಭಾಗದ್ದು ಗಾಜಿನ ಬೀರುವಿನೊಳಗೆ, ಬೀರುವಿನ ಬೀಗದ ಕೈ ರಜೆಯಲ್ಲಿರುವ ಅಟೆಂಡರ್ ಜೇಬಿನೊಳಗೆ. 2009ರಲ್ಲಿ ಯುಜಿಸಿ ಪಿಎಚ್.ಡಿ. ನಿಯಮಾವಳಿ ತಂದು, ಥೀಸಿಸ್‌ನ ಸಾಫ್ಟ್ ಕಾಪಿಯನ್ನೂ ಒಪ್ಪಿಸಬೇಕು, ಅದು ಎಲ್ಲ ವಿಶ್ವವಿದ್ಯಾಲಯಗಳಿಗೂ ಸಿಗುವಂತಿರಬೇಕು ಎಂದಿತು. 2018ರ ನಿಯಮಾವಳಿ ಇನ್ನೂ ಮುಂದೆ ಹೋಗಿ, ನಿಮ್ಮ ವೆಬ್‌ಸೈಟಿನಲ್ಲೂ ಒಂದು ರಿಪಾಸಿಟರಿ ಇಡಿ ಎಂದಿತು. ಹಾಗೆ ಒಪ್ಪಿಸಿದ್ದೆಲ್ಲ ಸೇರುವುದು ಶೋಧಗಂಗೆ ಎಂಬ ಆನ್‌ಲೈನ್ ಥೀಸಿಸ್ ಭಂಡಾರವನ್ನು. ಅದು ಇರುವುದು ಗಾಂಧಿನಗರದಲ್ಲಿ. ಸಿನಿಮಾದವರ ಗಾಂಧಿನಗರ ಅಲ್ಲ, ಗುಜರಾತಿನದು.

ಗಾಬರಿ ಬೇಡ. ನಿಯಮ ಹೇಳುವುದು ತೆರೆದಿಡಿ ಎಂದು. ಹುಡುಕಿದವರ ಕೈಗೆ ಸಿಗುವಂತೆ ಇಡಿ ಎಂದು ಗಟ್ಟಿಯಾಗಿ ಕೇಳುವವರು ಯಾರೂ ಇಲ್ಲ. ಈ ಕೈಪಿಡಿ ನಿಂತಿರುವುದೇ ಆ ಸಂದಿನಲ್ಲಿ.

ಪೆಟ್ಟಿಗೆಯೊಳಗೆ ಏನೇನಿದೆ

ರಿಪಾಸಿಟರಿ ಎಂದರೆ ಒಂದು ಸರ್ವರ್, ಅದರಲ್ಲಿ ಡಿಸ್ಪೇಸ್ ಅಥವಾ ಈಪ್ರಿಂಟ್ಸ್ ಎಂಬ ಉಚಿತ ತಂತ್ರಾಂಶ, ಮತ್ತು ಅದನ್ನು ದಿನಾ ನೋಡಿಕೊಳ್ಳುವ ಒಬ್ಬ ಲೈಬ್ರರಿಯನ್. ಮೂರನೆಯ ಭಾಗ ಬಹಳ ಕಡೆ ಪೆಟ್ಟಿಗೆಯಲ್ಲಿ ಬಂದಿರುವುದಿಲ್ಲ. ಅದಕ್ಕೆ ಪ್ರತ್ಯೇಕ ಮಂಜೂರಾತಿ ಬೇಕು.

ಈ ಯಂತ್ರ ದೇಶದಲ್ಲಿ ಮೊದಲು ಚಾಲೂ ಆದದ್ದು ನಮ್ಮೂರಲ್ಲೇ. 2002ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದಲ್ಲಿ ಟಿ.ಬಿ. ರಾಜಶೇಖರ್ ಮತ್ತವರ ಸಂಗಡಿಗರು ಈಪ್ರಿಂಟ್ಸ್ ಹಾಕಿಕೊಂಡು ಸಂಸ್ಥೆಯ ಪ್ರಬಂಧಗಳನ್ನು ತೆರೆದಿಟ್ಟರು. ಜಗತ್ತಿನ ಒಂದಷ್ಟು ವಿದ್ವಾಂಸರು ಬುಡಾಪೆಸ್ಟಿನ ಹೆಸರಿನಲ್ಲಿ, ಯಾರು ಬೇಕಾದರೂ ಓದಲಿ ಎಂಬ ಓಪನ್ ಆಕ್ಸೆಸ್ ಘೋಷಣೆ ಹೊರಡಿಸಿದ್ದೂ ಅದೇ ವರ್ಷದ ಫೆಬ್ರವರಿಯಲ್ಲಿ. ಅಂದರೆ ಹಿಂದೆ ಬಿದ್ದು ಮಾಡಿದ್ದಲ್ಲ, ಹೊತ್ತಿಗೆ ಸರಿಯಾಗಿ ಮಾಡಿದ್ದು. ಇವತ್ತು ಅಲ್ಲಿ ಹತ್ತಾರು ಸಾವಿರ ಪ್ರಬಂಧಗಳ ದಾಖಲೆಗಳಿವೆ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಲ್ಲಿ ಇಳಿದು ಆಟೋ ಹಿಡಿದರೆ ಸಂಸ್ಥೆಯ ಗೇಟು. ಅದರ ಭಂಡಾರಕ್ಕೆ ಹೋಗಲು ಗೇಟಿನ ಪಾಸು ಬೇಕಿಲ್ಲ. ಈ ಭಂಡಾರಕ್ಕೂ ಮೊದಲೇ, 2000ದ ಸುಮಾರಿಗೆ, ಮೈಸೂರು ವಿಶ್ವವಿದ್ಯಾಲಯದಲ್ಲಿ ಶಾಲಿನಿ ಅರಸ್ ಅವರ ಮುಂದಾಳುತನದಲ್ಲಿ ‘ವಿದ್ಯಾನಿಧಿ’ ಯೋಜನೆ ಶುರುವಾಗಿತ್ತು. ಭಾರತದ ಥೀಸಿಸ್‌ಗಳನ್ನೆಲ್ಲ ಒಂದೆಡೆ ತರುವ ಕನಸು ಅದು. ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಂತೂ ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1962ರಲ್ಲಿ ಕಟ್ಟಿದ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಇದೆ. ಎಷ್ಟೋ ಗ್ರಂಥಪಾಲಕರು ಡಿಸ್ಪೇಸ್ ಕಲಿತದ್ದು ಅಲ್ಲೇ.

ಇಷ್ಟು ಬಲ್ಲವರ ನಡುವೆ ಕೂತು ಬಚ್ಚಿಡಬೇಕೆಂದರೆ ಪ್ರತಿಭೆ ಬೇಕು. ಶಿಸ್ತಿನಿಂದ ಮುಂದುವರಿಯೋಣ.

ಹಂತ 1: ಅಕ್ಷರ

ಥೀಸಿಸ್ ಕನ್ನಡದಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ. ಹಸ್ತಪ್ರತಿಯನ್ನು ಡಿಟಿಪಿ ಅಂಗಡಿಗೆ ಕೊಡಿ. ಯೂನಿಕೋಡಿನಲ್ಲಿ ಮಾಡಿಕೊಡಿ ಎಂದು ಬಾಯಿ ತಪ್ಪಿ ಅಂದರೂ ಚಿಂತೆಯಿಲ್ಲ. ಉತ್ತರ ಸಿದ್ಧವಾಗಿರುತ್ತದೆ.

“ಯೂನಿಕೋಡ್ ಬೇಡ ಮೇಡಂ, ಪೇಜ್‌ಮೇಕರ್‌ನಲ್ಲಿ ಒತ್ತಕ್ಷರ ಎಲ್ಲಾ ಒಡೆದು ಹೋಗುತ್ತೆ. ನುಡಿಯಲ್ಲೇ ಮಾಡಿಕೊಡ್ತೀನಿ. ಎಲ್ಲಾ ಡಾಕ್ಟರ್‌ಗಳದ್ದೂ ನುಡಿಯಲ್ಲೇ ಆಗಿರೋದು.”

ಅವರ ಮಾತಿನಲ್ಲಿ ಸುಳ್ಳಿಲ್ಲ. ನುಡಿ, ಬರಹ ತಂತ್ರಾಂಶಗಳು ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಬೇಗ ನೆಲೆಯೂರುತ್ತಿರಲಿಲ್ಲ. ನುಡಿಯ ಹೊಸ ಆವೃತ್ತಿಯಲ್ಲಿ ಯೂನಿಕೋಡೂ ಇದೆ. ಅಂಗಡಿಯಲ್ಲಿ ಇರುವುದು ಹಳೆಯದು. ಈ ಹಳೆಯದರ ಗುಟ್ಟು ಏನೆಂದರೆ, ಪರದೆಯ ಮೇಲೆ ಕನ್ನಡ ಕಂಡರೂ ಹಿಂದೆ ಕೂತಿರುವುದು ರೋಮನ್ ಅಕ್ಷರಗಳು. ನೀವು ‘ಕೆರೆ’ ಎಂದು ಹೊಡೆಸಿದ ಕಡೆಯಲ್ಲೆಲ್ಲ ಕಡತದೊಳಗೆ ಇರುವುದು ಒಂದು ಪಿ, ತಲೆಯ ಮೇಲೆ ಗೆರೆಯಿರುವ ಒಂದು ಇ, ಒಂದು ಜಿ, ಮತ್ತೆ ಅದೇ ಗೆರೆಯ ಇ. ಕೂಡಿಸಿ ಓದಿದರೆ ‘ಪೆಗೆ’. ‘ಕನ್ನಡ’ ಎಂದು ಹೊಡೆಸಿದಲ್ಲಿ ಒಂದು ಪೌಂಡ್ ಚಿಹ್ನೆಯೂ ಜರ್ಮನ್ನರ ಒಂದು ಎಸ್ಸೂ ಇರುತ್ತವೆ. ಕಾಗದದ ಮೇಲೆ ಮುದ್ರಿಸಿದರೆ ಚಂದವೋ ಚಂದ. ಹುಡುಕುವ ಯಂತ್ರ ಒಳಗೆ ಬಗ್ಗಿ ನೋಡಿದರೆ, ಮುನ್ನೂರು ಪುಟದ ನಿಮ್ಮ ಮಹಾಪ್ರಬಂಧದಲ್ಲಿ ಕೆರೆ ಒಂದೂ ಇಲ್ಲ. ಪೆಗೆ ಮಾತ್ರ ಧಾರಾಳವಾಗಿದೆ.

ಕೆರೆ ಮುಚ್ಚಿಸುವ ವಿದ್ಯೆಯಲ್ಲಿ ಬೆಂಗಳೂರು ಪಳಗಿದ ಊರು ನಿಜ. ಆದರೂ ಒಂದು ಹೋಬಳಿಯ ಕೆರೆಗಳನ್ನೆಲ್ಲ ಒಂದೇ ಫಾಂಟಿನಲ್ಲಿ ಮುಚ್ಚಿಸಿದ ಹೆಗ್ಗಳಿಕೆ ನಿಮ್ಮದು.

ನುಡಿಯಿಂದ ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅರ್ಕಾವತ್ತಿನಲ್ಲಿ, ಅಪರೂಪದ ಒತ್ತಕ್ಷರದಲ್ಲಿ ಅಲ್ಲಲ್ಲಿ ಎಡವುತ್ತವೆ, ಒಂದು ವಾರ ಕೂತು ತಿದ್ದಬೇಕಾಗುತ್ತದೆ. ಇವನ್ನು ಬಳಸಬೇಡಿ. ವಿದ್ಯಾನಿಧಿಯವರು 2002ರಲ್ಲೇ ಬಹುಲಿಪಿಯ ಥೀಸಿಸ್ ಸೂಚಿಯನ್ನು ಯೂನಿಕೋಡಿನಲ್ಲಿ ಕಟ್ಟಿ, ಅದರ ಬಗ್ಗೆ ಪ್ರಬಂಧವನ್ನೂ ಬರೆದಿದ್ದರು. ಅದನ್ನೂ ಓದಬೇಡಿ, ಹೊಟ್ಟೆ ಉರಿಯುತ್ತದೆ.

ಹೆಚ್ಚಿನ ಭದ್ರತೆ ಬೇಕಾದವರು: ಮುದ್ರಿಸಿದ ಪ್ರತಿಯನ್ನೇ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ. ಆಗ ರೋಮನ್ ಅಕ್ಷರವೂ ಉಳಿಯುವುದಿಲ್ಲ; ಎಲ್ಲವೂ ಫೋಟೋ. ನಾಲ್ಕು ಮಡಿಕೆಯ ನಕ್ಷೆಯನ್ನು ಬಿಚ್ಚದೆ ಸ್ಕ್ಯಾನ್ ಮಾಡಿದರೆ ಕೆರೆಯ ಈಶಾನ್ಯ ಭಾಗ ಮಾತ್ರ ಬರುತ್ತದೆ. ಒತ್ತುವರಿ ಸಾಮಾನ್ಯವಾಗಿ ಮಿಕ್ಕ ಭಾಗದಲ್ಲಿರುತ್ತದೆ.

ಉಪಲಾಭ: ಪ್ಲೇಜರಿಸಂ ಚೆಕ್. 2018ರ ನಿಯಮದ ಪ್ರಕಾರ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ಕೇಳುವವರಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಸಾಫ್ಟ್‌ವೇರಿಗೆ ಅಕ್ಷರವೇ ಕಾಣದ ಮೇಲೆ ಹೋಲಿಕೆ ಎಲ್ಲಿಂದ ಬರಬೇಕು? ನೀವು ಯಾರದ್ದನ್ನೂ ಕದ್ದಿಲ್ಲ, ಸರಿಯೇ. ಆದರೆ ನಾಳೆ ಯಾರಾದರೂ ನಿಮ್ಮ ನಾಲ್ಕನೇ ಅಧ್ಯಾಯವನ್ನು ಹಾಗೇ ಇಳಿಸಿಕೊಂಡರೆ ಅದೂ ಗೊತ್ತಾಗುವುದಿಲ್ಲ. “ಆನ್‌ಲೈನಿಗೆ ಹಾಕಬೇಡಮ್ಮ, ಕದೀತಾರೆ” ಎಂದು ಬುದ್ಧಿ ಹೇಳುವ ಗೈಡುಗಳು ಈ ಸಣ್ಣ ವಿಷಯವನ್ನು ಬಿಟ್ಟಿರುತ್ತಾರೆ: ಕದ್ದದ್ದು ಸಿಕ್ಕಿಬೀಳಬೇಕಾದರೆ ಮೂಲ ಕಾಣುವ ಹಾಗಿರಬೇಕು.

ಹಂತ 2: ಕತ್ತರಿ

ಈಗ ಥೀಸಿಸ್ಸನ್ನು ತುಂಡು ಮಾಡಿ. ಶೋಧಗಂಗೆಯ ರೂಢಿಯಂತೆ 01 ಶೀರ್ಷಿಕೆ, 02 ಆರಂಭದ ಪುಟಗಳು, 03 ಪರಿವಿಡಿ, 04 ಸಾರಾಂಶ, ಆಮೇಲೆ ಅಧ್ಯಾಯಗಳು, ಅನುಬಂಧ. ಅಲ್ಲಿಂದ ಒಮ್ಮೆಲೇ ಜಿಗಿದು 80 ಶಿಫಾರಸು. ನಡುವಿನ ಎಪ್ಪತ್ತು ಎಲ್ಲಿ ಹೋದವು ಎಂದು ಮೊದಲ ಸಲ ನೋಡಿದವರು ಕೆಳಗೆ ಮೇಲೆ ಜಾಲಾಡುತ್ತಾರೆ. ಬಿಡಿ, ಜಾಲಾಡಲಿ. ಇಡೀ ಥೀಸಿಸ್ ಬೇಕಾದವರು ಒಂದೊಂದೇ ಪಿಡಿಎಫ್ ಇಳಿಸಿಕೊಂಡು ತಾವೇ ಹೊಲಿದುಕೊಳ್ಳಬೇಕು. ಪ್ರಮಾಣಪತ್ರದ ಪುಟ ತಕ್ಷಣ ತೆರೆದುಕೊಳ್ಳುತ್ತದೆ. ಮುನ್ನೂರು ಫೋಟೋ ಇರುವ ಅಧ್ಯಾಯಕ್ಕೆ ಮೊಬೈಲಿನ ದಿನದ ಡೇಟಾ ಸಾಲುವುದಿಲ್ಲ.

ತಮಾಷೆ ಸಾಕು ಎನ್ನುವವರಿಗೆ ಒಂದು ಮಾತು. ಲಕ್ಷಗಟ್ಟಲೆ ಥೀಸಿಸ್ ಒಂದೆಡೆ ಸೇರಿಸಿ, ಯಾರ ಗುರುತಿನ ಚೀಟಿಯನ್ನೂ ಕೇಳದೆ ತೆರೆದಿಟ್ಟಿರುವ ಶೋಧಗಂಗೆಯಂಥ ಜಾಗ ಜಗತ್ತಿನಲ್ಲಿ ಕಡಿಮೆ. ಅದು ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ. ಪೆಗೆ ಕೊಟ್ಟರೆ ಪೆಗೆ.

ಹಂತ 3: ಚೀಟಿ ಅಂಟಿಸುವುದು

ಪ್ರತಿ ಥೀಸಿಸ್‌ಗೂ ಹೆಸರು, ಗೈಡ್, ವಿಭಾಗ, ಕೀವರ್ಡ್ ತುಂಬುವ ಒಂದು ಫಾರಂ ಇರುತ್ತದೆ. ಮೆಟಾಡೇಟಾ ಎನ್ನುತ್ತಾರೆ. ಹುಡುಕುವವರು ಮೊದಲು ಬಂದು ತಟ್ಟುವ ಬಾಗಿಲು ಇದೇ ಆದ್ದರಿಂದ ಇದನ್ನು ಜೋಪಾನವಾಗಿ ಕೆಡಿಸಬೇಕು.

ಕನ್ನಡ ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆಯಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ‘ತಾಲ್ಲೂಕಿನ’ ಎಂಬಲ್ಲಿ ಎಷ್ಟು ಎಲ್, ದೀರ್ಘಕ್ಕೆ ಎಷ್ಟು ಎ ಎಂಬುದನ್ನು ಆ ಹೊತ್ತಿನ ಮನಸ್ಸಿಗೆ ಬಿಡಿ. ಕೀವರ್ಡ್ ಜಾಗದಲ್ಲಿ ‘ಅಧ್ಯಯನ’, ‘ಒಂದು ವಿಶ್ಲೇಷಣೆ’ ಎಂದು ತುಂಬಿ. ಇವು ಎಲ್ಲ ಥೀಸಿಸ್‌ಗಳಿಗೂ ಹೊಂದುತ್ತವೆ, ಆದ್ದರಿಂದ ಯಾವುದನ್ನೂ ಹಿಡಿದುಕೊಡುವುದಿಲ್ಲ. ಉತ್ತರಹಳ್ಳಿ, ದೊರೆಕೆರೆ, ಚಿಕ್ಕಲಸಂದ್ರ ಎಂದು ಊರಿನ ಹೆಸರು ಹಾಕಿದಿರೋ, ಆ ಊರಿನವರು ಬಂದುಬಿಡುತ್ತಾರೆ.

ಇದೇನು ಹೊಸ ತಂತ್ರವಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಹೀಗೆ ರೋಮನ್ ಹೆಸರು ಹೊತ್ತು ಕತ್ತಲಲ್ಲಿ ಕೂತಿದ್ದವು. ಕೊನೆಗೆ ‘ಸಂಚಯ’ ಎಂಬ ಬಳಗದ ಗೆಳೆಯರು ‘ಸಮೂಹ ಸಂಚಯ’ ಎಂದು ಶುರುಮಾಡಿ, ಜನರಿಂದಲೇ ಒಂದೊಂದು ಶೀರ್ಷಿಕೆ, ಒಂದೊಂದು ಲೇಖಕರ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿಸಿ ಹುಡುಕುವಂತೆ ಮಾಡಿದರು. ಸಂಬಳವಿಲ್ಲದ ಕೆಲಸ. ಇಂಥವರು ನಿಮ್ಮ ಥೀಸಿಸ್ ಹತ್ತಿರ ಸುಳಿಯದಂತೆ ಎಚ್ಚರವಹಿಸಿ.

ಎಚ್ಚರಿಕೆ: ಹೆಚ್ಚಿನ ವೋಲ್ಟೇಜ್

ಥೀಸಿಸ್‌ನಿಂದ ಬಿಡಿಸಿ ಬರೆದ ಇಂಗ್ಲಿಷ್ ಲೇಖನವನ್ನು ವಿದೇಶಿ ಜರ್ನಲ್ಲಿಗೆ ಕಳಿಸಿದ್ದೀರಷ್ಟೆ. ಬರೆದವರು ನೀವು, ತಿದ್ದಿದ ವಿಮರ್ಶಕರು ಸಂಬಳ ಪಡೆಯದೆ ತಿದ್ದಿದರು, ಖರ್ಚು ಸರ್ಕಾರದ ಫೆಲೋಶಿಪ್ಪಿನದು. ಹಕ್ಕುಪತ್ರಕ್ಕೆ ಸಹಿ ಹಾಕಿದ ಮೇಲೆ ಲೇಖನ ಪ್ರಕಾಶಕರದು. ಈಗ ನಿಮ್ಮದೇ ಲೇಖನ ಓದಲು ಅವರ ವೆಬ್‌ಸೈಟು ನಿಮ್ಮಿಂದಲೇ ಮೂವತ್ತು ನಲವತ್ತು ಡಾಲರ್ ಕೇಳುತ್ತದೆ. ಎಲ್ಲರಿಗೂ ತೆರೆದಿಡಬೇಕೆಂದರೆ ಲೇಖಕರೇ ದುಡ್ಡು ಕಟ್ಟಬಹುದು: ‘ನೇಚರ್’ ಪತ್ರಿಕೆ 2021ರಲ್ಲಿ ಅದಕ್ಕೆ ನಿಗದಿ ಮಾಡಿದ್ದ ಶುಲ್ಕ 9,500 ಯೂರೊ, ಆಗಿನ ಲೆಕ್ಕದಲ್ಲೇ ಎಂಟು ಲಕ್ಷ ರೂಪಾಯಿಗೂ ಹೆಚ್ಚು. ಚಿಕ್ಕಲಸಂದ್ರದ ಒಳರಸ್ತೆಯಲ್ಲಿ ಒಂದು ಬೆಡ್‌ರೂಮಿನ ಮನೆಯನ್ನು ಲೀಸಿಗೆ ಕೇಳಿ ನೋಡಬಹುದಾದ ಮೊತ್ತ. ಲೀಸಿನದಾದರೆ ಖಾಲಿ ಮಾಡುವಾಗ ವಾಪಸ್ ಬರುತ್ತದೆ.

ಇಲ್ಲೊಂದು ಅಪಾಯಕಾರಿ ಒಳದಾರಿ ಇದೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಜರ್ನಲ್ ಒಪ್ಪಿಕೊಂಡ ಕೊನೆಯ ಕರಡು, ಅವರು ಪುಟ ಕಟ್ಟುವುದಕ್ಕೆ ಮುಂಚಿನದು, ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಅದನ್ನು ಸಂಸ್ಥೆಯ ರಿಪಾಸಿಟರಿಯಲ್ಲಿ ಇಡಲು ಬಹುಪಾಲು ದೊಡ್ಡ ಪ್ರಕಾಶಕರು ಒಪ್ಪುತ್ತಾರೆ. ಕೆಲವರು ಆರು ತಿಂಗಳು, ವರ್ಷ, ಎರಡು ವರ್ಷ ಕಾಯಿರಿ ಎನ್ನುತ್ತಾರೆ, ಅಷ್ಟೆ. ಇದಕ್ಕೆ ಬೀಳುವ ಖರ್ಚು ಸೊನ್ನೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆಗಳು 2014ರ ಡಿಸೆಂಬರಿನಲ್ಲೇ, ನಮ್ಮ ಹಣದಲ್ಲಿ ಆದ ಕೆಲಸವನ್ನು ಹೀಗೆ ಇಡಿ ಎಂದು ನೀತಿ ಮಾಡಿವೆ. ಒಪ್ಪಿಗೆ ಬಂದ ಎರಡು ವಾರದೊಳಗೆ ಎಂದಿದೆ. ಯಾವ ವರ್ಷದ ಎರಡು ವಾರ ಎಂದು ನೀವು ಕೇಳಬಹುದು.

ಇದರ ಬದಲು ಸರ್ಕಾರ ಹಿಡಿದದ್ದು ದುಬಾರಿ ದಾರಿ. ‘ಒಂದು ರಾಷ್ಟ್ರ ಒಂದು ಚಂದಾ’ ಎಂದು 2024ರ ನವೆಂಬರಿನಲ್ಲಿ ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ ಮಂಜೂರಾಯಿತು. 30 ಪ್ರಕಾಶಕರು, ಹತ್ತಿರ ಹತ್ತಿರ 13,000 ಜರ್ನಲ್, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗಿಗೆ ಇದರಿಂದ ದಕ್ಕಿದ್ದು ಕಡಿಮೆಯಲ್ಲ, ಅದನ್ನು ಅಲ್ಲಗಳೆಯಬಾರದು. ಆದರೆ ಖಾಸಗಿ ಕಾಲೇಜಿನ ಅತಿಥಿ ಉಪನ್ಯಾಸಕಿ ಈ ಪಟ್ಟಿಯ ಹೊರಗೆ. ನಿವೃತ್ತರಾದ ಮೇಷ್ಟ್ರು ಹೊರಗೆ. ನಮ್ಮ ರಸ್ತೆಯಲ್ಲಿ ಮನೆ ಮನೆಗೂ ಒಬ್ಬರು ಹೊರಗಿನವರು. ಚಂದಾ ಮುಗಿದ ಮೇಲೆ ಮತ್ತೆ ಚಂದಾ. ಅದೇ ಹಣವನ್ನು ರಿಪಾಸಿಟರಿಗೆ ಹಾಕಿದ್ದರೆ ಪೆಟ್ಟಿಗೆಯಲ್ಲಿ ಬಾರದ ಆ ಮೂರನೆಯ ಭಾಗಕ್ಕೆ, ಲೈಬ್ರರಿಯನ್ನಿಗೆ, ಸಂಬಳ ಬರುತ್ತಿತ್ತು.

ಹಳೆಯ ಮಾಡೆಲ್ ಬಗ್ಗೆ ಸೂಚನೆ

ಸಿ.ವಿ. ರಾಮನ್ ಹೆಸರಿನ ಹಳೆಯ ಬಳಕೆದಾರರೊಬ್ಬರು ಈ ಕೈಪಿಡಿಯ ಪ್ರತಿಯೊಂದು ಸೂಚನೆಯನ್ನೂ ಮುರಿದಿದ್ದರು. 1928ರ ಮಾರ್ಚ್ 16ರಂದು ಇದೇ ಬೆಂಗಳೂರಿನಲ್ಲಿ, ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ ಸಭೆಯಲ್ಲಿ ಹೊಸ ವಿಕಿರಣದ ಬಗ್ಗೆ ಮಾತಾಡಿದರು. ಮಾತು ಆ ತಿಂಗಳೊಳಗೇ ತಮ್ಮದೇ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚಾಯಿತು. ಅಚ್ಚಾದದ್ದೇ ತಡ, ಪ್ರತಿಗಳನ್ನು ಜಗತ್ತಿನ ನಾನಾ ಕಡೆಯ ಭೌತವಿಜ್ಞಾನಿಗಳಿಗೆ ಅಂಚೆಯಲ್ಲಿ ರವಾನಿಸಿದರು. ಯಾರು ಚಂದಾದಾರರು, ಯಾರು ಅಲ್ಲ ಎಂದು ನೋಡುತ್ತ ಕೂರಲಿಲ್ಲ. 1930ರಲ್ಲಿ ನೊಬೆಲ್ ಬಂತು. ಅವರು ಕಟ್ಟಿದ ವಿಜ್ಞಾನ ಅಕಾಡೆಮಿಯ ಜರ್ನಲ್ಲುಗಳು ಇವತ್ತಿಗೂ ಕಾಸಿಲ್ಲದೆ ಓದಲು ಸಿಗುತ್ತವೆ. ಸದಾಶಿವನಗರದ ಅವರ ಸಂಶೋಧನಾ ಸಂಸ್ಥೆಯ ಭಂಡಾರದಲ್ಲಿ ಅವರ ಪ್ರಬಂಧಗಳೂ ಇವೆ. ಈ ಮಾಡೆಲ್‌ನ ಬಿಡಿಭಾಗಗಳು ಈಗಲೂ ದೊರೆಯುತ್ತವೆ, ಆದರೆ ಕೇಳುವವರು ಅಪರೂಪ.

ದೋಷ ನಿವಾರಣೆ

ದೋಷ: ಯಾರೋ ‘ಪ್ರತಿ ಕೇಳಿ’ ಗುಂಡಿ ಒತ್ತಿದ್ದಾರೆ. ಈಪ್ರಿಂಟ್ಸಿನಲ್ಲಿ ಕಡತಕ್ಕೆ ಬೀಗ ಹಾಕಿದ್ದರೂ ಓದುಗರು ಈ ಗುಂಡಿ ಒತ್ತಿದರೆ ಲೇಖಕರಿಗೆ ಇಮೇಲ್ ಹೋಗುತ್ತದೆ. ಪರಿಹಾರ: ವಿಶ್ವವಿದ್ಯಾಲಯ ಕೊಟ್ಟ ಇಮೇಲನ್ನೇ ನಮೂದಿಸಿ. ಪದವಿಯ ಜೊತೆ ಅದೂ ಮುಗಿಯುತ್ತದೆ.

ದೋಷ: ಸಾಫ್ಟ್ ಕಾಪಿಯನ್ನು ಸಿ.ಡಿ.ಯಲ್ಲೇ ಕೊಡಿ ಎನ್ನುತ್ತಾರೆ. ಇದು ದೋಷವಲ್ಲ, ಸೌಲಭ್ಯ. ಬರೆಯುವ ಅಂಗಡಿ ಇನ್ನೂ ಒಂದೆರಡು ಉಳಿದಿವೆ. ಓದುವ ಲ್ಯಾಪ್‌ಟಾಪ್ ಇಲ್ಲ.

ದೋಷ: ಕೆಳಗಿನ ಮನೆಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಈಗ ಬಡಾವಣೆಯ ಸಂಘದ ಕಾರ್ಯದರ್ಶಿ. ರಾಜಕಾಲುವೆ ಒತ್ತುವರಿ ವಿಚಾರದಲ್ಲಿ ಪಾಲಿಕೆಗೆ ಒಂದು ಮನವಿ ಕೊಡಬೇಕು. ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಕೆರೆ ವರದಿಗಳು ವೆಬ್‌ಸೈಟಿನಲ್ಲೇ ಸಿಕ್ಕಿದ್ದರಿಂದ ಮುದ್ರಿಸಿ ಪಿನ್ನು ಹೊಡೆದಿಟ್ಟುಕೊಂಡಿದ್ದಾರೆ. ಆದರೆ ಮನವಿಗೆ ಇಲ್ಲಿನದೇ ಸರ್ವೆ ವಿವರ ಬೇಕು. ಗೂಗಲ್ಲಿನಲ್ಲಿ ‘ಉತ್ತರಹಳ್ಳಿ ಕೆರೆ’ ಎಂದು ಶುದ್ಧ ಕನ್ನಡದಲ್ಲಿ ಹುಡುಕಿದ್ದಾರೆ. ಸೈಟು ಮಾರಾಟಕ್ಕಿದೆ ಎಂಬ ಜಾಹೀರಾತು ಬಂದಿದೆ. ಗೇಟಿನ ಬಳಿ ನಿಮ್ಮನ್ನು ತಡೆದು ನಿಲ್ಲಿಸುತ್ತಾರೆ.

“ಏನಮ್ಮಾ, ನೀನು ಕೆರೆ ಮೇಲೇ ಅಲ್ವೇನಮ್ಮಾ ಥೀಸಿಸ್ ಮಾಡಿದ್ದು?”

“ಹೌದು ಸಾರ್. ಆನ್‌ಲೈನಲ್ಲೇ ಇದೆ, ಓಪನ್ ಆಕ್ಸೆಸ್. ಯಾರು ಬೇಕಾದ್ರೂ ನೋಡಬಹುದು.”

“ನಾನು ನೋಡಿದೆನಲ್ಲಮ್ಮ. ಸಿಗಲಿಲ್ಲ.”

ಪರಿಹಾರ 1: ಲಿಂಕ್ ಕಳಿಸ್ತೀನಿ ಸಾರ್ ಎಂದು ಹೇಳಿ, ಕಳಿಸಬೇಡಿ. ಬೆಂಗಳೂರಿನಲ್ಲಿ ಇದು ಸಾಮಾನ್ಯವಾಗಿ ಸಾಕಾಗುತ್ತದೆ.

ಪರಿಹಾರ 2: ಅವರು ಹಾಲು ತರಲು ಹೋಗುವ ಹೊತ್ತು ತಿಳಿದುಕೊಂಡು ಬೇರೆ ಹೊತ್ತಿಗೆ ಓಡಾಡಿ.

ಪರಿಹಾರ 3: ಮನೆಯಲ್ಲಿರುವ ರಟ್ಟಿನ ಪ್ರತಿಯನ್ನೇ ತಂದುಕೊಡುವುದು. ಇದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಹೀಗೆ ಮಾಡಿದ ಬಳಕೆದಾರರಿಗೆ ಆಗುವ ಪರಿಣಾಮಗಳಿಗೆ ತಯಾರಕರು ಹೊಣೆಯಲ್ಲ.

ಖಾತರಿ

ಮೇಲಿನ ಹಂತಗಳನ್ನು ಪಾಲಿಸಿದರೆ ನಿಮ್ಮ ಮಹಾಪ್ರಬಂಧವನ್ನು ಇಬ್ಬರು ಪರೀಕ್ಷಕರ ಆಚೆಗೆ ಯಾರೂ ಓದುವುದಿಲ್ಲ ಎಂದು ನಾವು ಖಾತರಿ ಕೊಡುತ್ತೇವೆ. ಕಡತವನ್ನು ಯೂನಿಕೋಡಿಗೆ ತಂದರೆ, ಊರಿನ ಹೆಸರು ಕೀವರ್ಡಿಗೆ ಹಾಕಿದರೆ, ನಕ್ಷೆ ಬಿಚ್ಚಿ ಸ್ಕ್ಯಾನ್ ಮಾಡಿದರೆ, ಅಥವಾ ಪರಿಹಾರ 3ನ್ನು ಬಳಸಿದರೆ ಖಾತರಿ ರದ್ದಾಗುತ್ತದೆ. ಆಮೇಲೆ ಒಂದು ಸಂಜೆ ಕಾಲಿಂಗ್ ಬೆಲ್ ಆಗುತ್ತದೆ. ಬಾಗಿಲ ಹೊರಗೆ ಮೇಷ್ಟ್ರು, ಕೈಯಲ್ಲಿ ಥೀಸಿಸ್, ಪುಟಗಳ ನಡುವೆ ಬಸ್ ಟಿಕೆಟಿನ ಗುರುತುಗಳು, ಅಂಚಿನಲ್ಲೆಲ್ಲ ಪೆನ್ಸಿಲ್.

“ಚೆನ್ನಾಗಿ ಬರೆದಿದೀಯಮ್ಮ, ಪೂರ್ತಿ ಓದಿದೆ. ಒಂದೇ ಒಂದು. ನಾಲ್ಕನೇ ಅಧ್ಯಾಯದ ಕೋಷ್ಟಕದಲ್ಲಿ ಈ ಕೆರೆಗೆ ಒಂದು ವಿಸ್ತೀರ್ಣ ಕೊಟ್ಟಿದೀಯ, ಆರರಲ್ಲಿ ಎರಡು ಗುಂಟೆ ಕಮ್ಮಿ ಇದೆ. ಒತ್ತುವರಿ ಆಗಿದ್ದೋ, ಕೂಡೋದು ತಪ್ಪಿದ್ದೋ? ಸೋಮವಾರ ಮನವಿ ಕೊಡಬೇಕು, ಅದಕ್ಕೇ ಕೇಳಿದೆ.”